ಪೆರುಮಾಳನ ಹಿತ್ತಾಳೆ ಬಿಲ್ಲೆ

ಚಾಕು ನನ್ನ ಕತ್ತಿನ ಮೇಲಿತ್ತು.

ಹಣ್ಣು ಹೆಚ್ಚುವ ಚಾಕಲ್ಲ ಸ್ವಾಮಿ... ಕುರಿ ಕೊಯ್ಯುವಂಥದ್ದು!

"ಅಲ್ಲಾಡಿದ್ರೆ ಕುಯ್ದಾಕ್ಬುಡ್ತೀನಿ ಕಣ್ಲಾ!" ಅಂದ ಬಚ್ಚಪ್ಪ. ಬಂಗಾರಪೇಟೆಯ ರೌಡಿ. ಮೈಯೆಲ್ಲ ಸಾರಾಯಿ ವಾಸನೆ.

ನಾನು ಜಯರಾಮಪ್ಪ. ಚಿನ್ನದ ಗಣಿಯಲ್ಲಿ ಸೆಕ್ಯುರಿಟಿ ಇನ್ಸ್‌ಪೆಕ್ಟರ್. ಐವತ್ತೆಂಟನೇ ಇಸವಿಯ ಮಾತು. ಗಣಿಯಿಂದ ಕದ್ದ ಮಾಲು ಎಲ್ಲಿಗೆ ಹೋಗುತ್ತದೆ ಅಂತ ಮೂಸುತ್ತ ಮೂಸುತ್ತ, ಮಧ್ಯಾಹ್ನ ಚಿಕ್ಕವೆಂಕಟಪ್ಪನ ಒಡವೆ ಅಂಗಡಿಯ ಹಿತ್ತಲಿಗೆ ನುಗ್ಗಿದ್ದೆ. ಕುಲುಮೆ ಸಿಕ್ಕಿತು. ಕರಗಿಸಿದ ಚಿನ್ನದ ಗಟ್ಟಿ ಸಿಕ್ಕಿತು. ಅದನ್ನು ಕರ್ಚೀಫಿನಲ್ಲಿ ಕಟ್ಟಿ ಪ್ಯಾಂಟಿನ ಜೇಬಿಗೆ ಇಳಿಸುವಷ್ಟರಲ್ಲಿ ಬಚ್ಚಪ್ಪನೂ ಸಿಕ್ಕಿದ!

ಎದುರಿಗೆ ಚಿಕ್ಕವೆಂಕಟಪ್ಪ ಸ್ಟೂಲಿನ ಮೇಲೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ.

"ಏನ್ ಇನ್ಸ್‌ಪೆಕ್ಟ್ರೇ... ಒಬ್ರೇ ಬಂದ್ಬುಟ್ರಿ?"

"ನಿನ್ನ ಆಟ ಮುಗೀತು. ಇವತ್ತು ಪೆರುಮಾಳ್ ಎಲ್ಲಾ ಬಾಯ್ಬಿಡ್ತಾನೆ."

"ಯಾವ ಪೆರುಮಾಳು?"

"ಗಣಿ ಒಳಗೆ ಪಂಪ್ ಕಾಯ್ತಾನಲ್ಲ, ಅವನು. ನಿನ್ನ ಅಂಗಡಿಗೆ ಬಂದಿದ್ದನ್ನ ನಮ್ಮೋರು ನೋಡಿದಾರೆ."

ಚಿಕ್ಕವೆಂಕಟಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಯ್ ನಿನ್ನ! ಅವನ್ನ ಕರೆಸಿದ್ದೇ ನಾನು ಕಣಯ್ಯಾ. ಮಾಲು ತಂದ್ಕೊಡು ಅಂದೆ. ಉಗ್ದು ಎದ್ದೋದ! ಅನ್ನ ಆಕೋ ಗಣಿಗೆ ಎರಡು ಬಗೆಯಾಕಿಲ್ವಂತೆ... ಮಾಲು ತರೋ ನಮ್ಮೋರು ಬ್ಯಾರೆ ಅವ್ರೆ ಬುಡು!"

ನನ್ನ ಎದೆ ಧಸಕ್ಕೆಂದಿತು. ಚಾಕುವಿನಿಂದಲ್ಲ. ನಾನು ಅವತ್ತು ಬೆಳಿಗ್ಗೆ ಮಾಡಿದ್ದ ಬುದ್ಧಿವಂತಿಕೆ ನೆನಪಾಗಿ.

ಕೇಳಿ. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಹೊಡೆದ ಒಂದು ಹಿತ್ತಾಳೆ ಬಿಲ್ಲೆ ಇರುತ್ತದೆ. ಇಳಿಯುವಾಗ ಅದನ್ನು ಟೈಮ್ ಆಫೀಸಿನ ಬೋರ್ಡಿಗೆ ನೇತುಹಾಕಬೇಕು. ಮೇಲೆ ಬಂದ ಮೇಲೆ ತೆಗೆದುಕೊಂಡು ಗೇಟಿನಲ್ಲಿ ತೋರಿಸಬೇಕು. ಬಿಲ್ಲೆ ಬೋರ್ಡಿನಲ್ಲಿದೆ ಅಂದರೆ ಆಳು ಕೆಳಗಿದ್ದಾನೆ. ಇಲ್ಲ ಅಂದರೆ ಮೇಲೆ ಬಂದಿದ್ದಾನೆ. ಅಷ್ಟೇ ಲೆಕ್ಕ.

ಬಿಲ್ಲೆ ಇಲ್ಲದವನನ್ನು ಗೇಟಿನಿಂದ ಆಚೆ ಬಿಡುವುದಿಲ್ಲ. ಅದಕ್ಕೇ ಪೆರುಮಾಳನ ಬಿಲ್ಲೆಯನ್ನು ನಾನು ಯಾರಿಗೂ ಕಾಣದ ಹಾಗೆ ಬೋರ್ಡಿನಿಂದ ಎತ್ತಿ ಷರ್ಟಿನ ಜೇಬಿಗೆ ಹಾಕಿಕೊಂಡಿದ್ದೆ! ಶಿಫ್ಟು ಮುಗಿಸಿ ಬಂದು ಬಿಲ್ಲೆ ಕಾಣದೆ ಒದ್ದಾಡಲಿ, ನಾನು ಬರುವವರೆಗೆ ಗೇಟಿನಲ್ಲೇ ಕೊಳೆಯಲಿ ಅಂತ.

ಭಾರೀ ಪತ್ತೇದಾರ ನಾನು. ಥೂ!

ಆಗ ನೆಲ ನಡುಗಿತು.

ಗೂಡಿನಲ್ಲಿದ್ದ ಚೊಂಬು ದಡಬಡ ಉರುಳಿತು. ತಕ್ಕಡಿ ಕೆಳಗೆ ಬಿತ್ತು. ಹೆಂಚಿನ ಧೂಳು ತಲೆಯ ಮೇಲೆ ಸುರಿಯಿತು.

"ಏರ್‌ಬ್ಲಾಸ್ಟು!" ಅಂತ ಕಿರುಚಿದ ಚಿಕ್ಕವೆಂಕಟಪ್ಪ.

ನಮ್ಮ ಕಡೆ ಮಕ್ಕಳಿಗೂ ಆ ಮಾತು ಗೊತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಬಂಗಾರಪೇಟೆಯವರೆಗೂ ಅದುರುತ್ತದೆ. ಸೈರನ್ ಕೂಗುತ್ತದೆ. ಎಲ್ಲರನ್ನೂ ಮೇಲೆ ಎಳೆಯುತ್ತಾರೆ. ಬೋರ್ಡು ನೋಡುತ್ತಾರೆ. ಯಾರ ಬಿಲ್ಲೆ ಉಳಿದಿದೆಯೋ ಅವರನ್ನು ಹುಡುಕಲು ಇಳಿಯುತ್ತಾರೆ.

ಪೆರುಮಾಳನ ಬಿಲ್ಲೆ ನನ್ನ ಎದೆಯ ಮೇಲಿತ್ತು. ಪಂಪಿನ ಹತ್ತಿರ ಅವನೊಬ್ಬನೇ ಇರುವುದು... ಅವನನ್ನು ಯಾರೂ ಹುಡುಕುವುದಿಲ್ಲ!

ಬಚ್ಚಪ್ಪ ಸೂರಿನ ಕಡೆ ನೋಡಿದ. ಅಷ್ಟು ಸಾಕಿತ್ತು. ಮೊಣಕೈಯಿಂದ ಅವನ ಪಕ್ಕೆಗೆ ತಿವಿದೆ. ಕತ್ತು ಗೀರಿ ರಕ್ತ ಇಳಿಯಿತು. ಹಿತ್ತಲ ಗೋಡೆ ಹಾರಿ ಓಡಿದೆ.

"ಇಡೀಲಾ ಅವನ್ನ! ಚಿನ್ನ ಅವನತ್ರ ಐತೆ!" ಅಂತ ಹಿಂದಿನಿಂದ ಚಿಕ್ಕವೆಂಕಟಪ್ಪ ಕೂಗಿದ.

ಸ್ಟೇಷನ್ನಿನಲ್ಲಿ ಗಣಿಯ ಕಡೆ ಹೋಗುವ ಮಾರಿಕುಪ್ಪಂ ಗಾಡಿ ಹೊರಟೇಬಿಟ್ಟಿತ್ತು. ಹಾರಿ ಕಂಬಿ ಹಿಡಿದೆ. ಬಚ್ಚಪ್ಪನೂ ಹಾರಿದ!

ಬಾಗಿಲಲ್ಲೇ ಕುಸ್ತಿ. ನನ್ನ ಷರ್ಟಿಗೆ ಕೈ ಹಾಕಿ ಎಳೆದ. ಜೇಬು ಪರ್ರನೆ ಹರಿಯಿತು. ಬಿಲ್ಲೆ ಜಾರಿತು... ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಆ ಬಿಲ್ಲೆ ಹಳಿಗೆ ಬಿದ್ದರೆ ನನ್ನ ಬಾಯಿಮಾತನ್ನು ಯಾರು ನಂಬುತ್ತಾರೆ?

"ಮಾಲು ಕೊಡ್ಲಾ!"

"ತಗೋ!"

ಚಿನ್ನದ ಗಂಟನ್ನು ಹೊರಗೆ ಬೀಸಿ ಎಸೆದೆ. ಬಚ್ಚಪ್ಪ ಒಂದು ಕ್ಷಣ ನನ್ನನ್ನು ನೋಡಿದ. ಹುಚ್ಚ ಅಂದುಕೊಂಡಿರಬೇಕು. ಅದರ ಹಿಂದೆಯೇ ಧುಮುಕಿದ.

ವರ್ಷದ ಕೇಸು ಹಳಿಯ ಪಕ್ಕದ ಹುಣಸೆ ತೋಪಿನಲ್ಲಿ ಹೋಯಿತು. ಚಿನ್ನ ಕೊಟ್ಟು ಹಿತ್ತಾಳೆ ಉಳಿಸಿಕೊಂಡೆ.

ಗಾಡಿ ತೆವಳಿತು. ಇಂಜಿನ್ನಿಗೆ ಶಾಪ ಹಾಕಿದೆ. ಡ್ರೈವರನ ವಂಶಕ್ಕೇ ಶಾಪ ಹಾಕಿದೆ. ನಮ್ಮೂರು ಬಂತು. ಬೆಂಗಳೂರಿಗಿಂತ ಮೊದಲು ಕರೆಂಟು ಕಂಡ ಊರು! ಕ್ಲಬ್ಬಿನ ಹುಲ್ಲಿನ ಮೇಲೆ ಬಿಳಿ ಬಟ್ಟೆಯವರು ಟೆನಿಸ್ ಆಡುತ್ತಲೇ ಇದ್ದರು. ಬಂಗಲೆಗಳಲ್ಲಿ ಟೀ ಹೊತ್ತು. ಅದರಾಚೆ, ಕೂಲಿ ಲೈನುಗಳಿಂದ ಹೆಂಗಸರು ಎದೆ ಹೊಡೆದುಕೊಂಡು ಗಣಿಯ ಬಾಯಿಗೆ, ಶಾಫ್ಟಿನ ಕಡೆ ಓಡುತ್ತಿದ್ದರು.

ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು ನಾನೂ ಓಡಿದೆ.

ಟೈಮ್ ಆಫೀಸಿನ ಬೋರ್ಡು ಖಾಲಿ. ಗುಮಾಸ್ತ ರಾಮಚಂದ್ರಪ್ಪ ಬೆವರು ಒರೆಸಿಕೊಳ್ಳುತ್ತಿದ್ದ.

"ಎಲ್ರೂ ಬಂದ್ರು ಸಾರ್, ದೇವ್ರು ದೊಡ್ಡೋನು! ಗಣಿ ಕ್ಯಾಪ್ಟನ್ ಸಾಹೇಬ್ರು ಶಾಫ್ಟ್ ಬಂದ್ ಮಾಡಿಸ್ತಾವ್ರೆ." ದನಿ ತಗ್ಗಿಸಿದ. "ಆ ಪೆರುಮಾಳ್ ಮಾತ್ರ ಕಾಣ್ತಾ ಇಲ್ಲ. ಬಿಲ್ಲೆ ಎತ್ಕಂಡು ಗಲಾಟೇಲಿ ಪರಾರಿ! ನೀವು ಅನುಮಾನ ಪಟ್ಟಿದ್ದು ಸರಿ ಸಾರ್. ಪ್ರಮೋಷನ್ ಗ್ಯಾರಂಟಿ!"

ಎಷ್ಟು ಸಲೀಸಾಗಿತ್ತು ನೋಡಿ! ಬಿಲ್ಲೆಯನ್ನು ಚರಂಡಿಗೆ ಹಾಕಿದರೆ ಮುಗಿಯಿತು. ಪೆರುಮಾಳ್ ಕಳ್ಳ. ನಾನು ಜಾಣ. ಸುಳ್ಳು ಹೇಳುವುದಿಲ್ಲ, ಆ ಯೋಚನೆ ನನಗೆ ಬಂತು. ಬಂದದ್ದಕ್ಕೆ ಇವತ್ತಿಗೂ ನಾಚಿಕೆಯಿದೆ.

ಬೇಲಿ ನುಸುಳಿ ಬಂದು ಪೆರುಮಾಳನ ಹೆಂಡತಿ ಕನಕಮ್ಮ ನನ್ನ ತೋಳು ಹಿಡಿದಳು.

"ಅಣ್ಣಾ, ಓಡೋದ ಅಂತಾರಣ್ಣಾ! ಚಪ್ಪಲಿ ಇಲ್ಲೇ ಐತೆ. ಚಪ್ಪಲಿ ಬುಟ್ಟು ಯಾರಾದ್ರೂ ಊರು ಬುಡ್ತಾರಾ? ಒಂದು ಮಾತು ಏಳಣ್ಣಾ ಕ್ಯಾಪ್ಟನ್‌ಗೆ!"

ಗೋಡೆಯ ಬದಿಯಲ್ಲಿ ಹಳೇ ಟೈರಿನ ಒಂದು ಜೊತೆ ಚಪ್ಪಲಿ ಇತ್ತು.

ಕಿರುಚಿದೆ.

"ಕ್ಯಾಪ್ಟನ್! ಶಾಫ್ಟ್ ಮುಚ್ಚಬೇಡಿ! ಪೆರುಮಾಳ್ ಕೆಳಗಿದ್ದಾನೆ!"

"ಬಿಲ್ಲೆ ಇಲ್ವಲ್ರೀ?"

"ನಾನು ಎತ್ತಿಕೊಂಡೆ. ನಾನೇ!"

ಬಿಲ್ಲೆಯನ್ನು ಬೋರ್ಡಿಗೆ ನೇತುಹಾಕಿದೆ. ಕನಕಮ್ಮ ನನ್ನ ತೋಳು ಬಿಟ್ಟಳು. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಹೊಡೆಯಲಿಲ್ಲ.

"ನಾನೂ ಇಳೀತೀನಿ," ಅಂದೆ.

"ಬೇಡ," ಅಂದ ಕ್ಯಾಪ್ಟನ್. "ನೀನು ಇಲ್ಲೇ ನಿಲ್ಲು. ಆಯಮ್ಮನ ಎದುರಿಗೆ."

ನಿಂತೆ. ಅಷ್ಟು ಕಷ್ಟದ ಕೆಲಸವನ್ನು ನನ್ನ ಸರ್ವೀಸಿನಲ್ಲೇ ಮಾಡಿರಲಿಲ್ಲ.

ದೀಪ ಹತ್ತಿಸುವ ಹೊತ್ತಿಗೆ ಶಾಫ್ಟಿನ ಗಂಟೆ ಹೊಡೆಯಿತು. ಆಳುಗಳನ್ನು ಇಳಿಸಿ ಏರಿಸುವ ಕೇಜು ಮೇಲೆ ಬಂತು. ಸ್ಟ್ರೆಚರಿನ ಮೇಲೆ ಪೆರುಮಾಳ್... ಜೀವ ಇತ್ತು! ಮುಖವೆಲ್ಲ ಬಂಡೆಯ ಪುಡಿ. ಬಲಗೈ ಮೊಣಕೈಯವರೆಗೆ ಜಜ್ಜಿ ಹೋಗಿತ್ತು.

"ಸ್ವಲ್ಪ ಮುಂಚೆ ತೆಗೆದಿದ್ರೆ ಕೈ ಉಳೀತಿತ್ತು," ಅಂದರು ಡಾಕ್ಟರು. ನನ್ನ ಕಡೆ ನೋಡಿ ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲ.

ಗೇಟಿನಲ್ಲಿ ಪೆರುಮಾಳ್ ಕಣ್ಣು ಬಿಟ್ಟ. ನನ್ನ ಖಾಕಿ ಕಂಡಿತು. ಮೇಲೆ ಬಂದವರನ್ನೆಲ್ಲ ನಾವು ತಡಕುವುದು ರೂಲ್ಸು. ದಿನವೂ ಕೈ ಎತ್ತಿ ನಿಂತು ನಿಂತು ಅವನಿಗೆ ಅಭ್ಯಾಸವಾಗಿತ್ತು.

"ನೋಡ್ಕಳಿ ಸಾರ್... ಏನೂ ಇಲ್ಲ," ಅಂತ ಕೈ ಎತ್ತಿದ.

ಒಂದೇ ಕೈ ಎದ್ದಿತು.

ನಾನು ತಡಕಲಿಲ್ಲ. ಅವತ್ತು ಆ ಗೇಟಿನಲ್ಲಿ ಕದ್ದ ಮಾಲು ಸಿಕ್ಕಿದ್ದು ಒಬ್ಬನ ಜೇಬಿನಲ್ಲಿ ಮಾತ್ರ... ಅವನು ಸೆಕ್ಯುರಿಟಿ ಇನ್ಸ್‌ಪೆಕ್ಟರ್!