ನೊಗದ ಪಟ

1978ನೇ ಇಸವಿ ಜೂನ್ 14, ಬುಧವಾರ ತಿಪಟೂರು ಸೀಮೆಯ ಶಾಂತಿ ಸುವ್ಯವಸ್ಥೆಗೆ ಭಾರಿ ಧಕ್ಕೆ ಒದಗಿತು. ಬಿಳಿಗೆರೆ ಬಳಿಯ ತೋಟದ ಯಜಮಾನ ತೋಂಟದಾರ್ಯರ ಪಡಸಾಲೆಯಿಂದ ಒಂದೂವರೆ ಅಡಿ ಅಗಲದ ಪಟವೊಂದು ಕಾಣೆಯಾಗಿತ್ತು. ಅದೇ ವಾರ ಅವರ ತೋಟದಲ್ಲಿ ಕಾಯಿ ಕೀಳುವವನೊಬ್ಬ ಮರದಿಂದ ಬಿದ್ದು ಸತ್ತಿದ್ದ; ಆ ವಿಷಯ ಠಾಣೆಯವರೆಗೆ ಬಂದಿರಲಿಲ್ಲ. ಪಟದ ದೂರು ಬೆಳಗ್ಗೆ ಎಂಟೂಕಾಲಿಗೇ ಬಂತು. ಸಬ್ ಇನ್ಸ್‌ಪೆಕ್ಟರ್ ಶ್ರೀರಂಗಯ್ಯ ಎಫ್‌ಐಆರ್ ಬರೆಸಿ, ಕಾನ್‌ಸ್ಟೆಬಲ್ ಸಣ್ಣತಿಮ್ಮಯ್ಯನನ್ನು ಹಿಂದೆ ಕೂರಿಸಿಕೊಂಡು ಮೋಟಾರ್ ಸೈಕಲ್ಲಿನಲ್ಲಿ ಹೊರಟರು.

“ಎಂಥಾ ಪಟ ಯಜಮಾನ್ರೆ?”

“ತಾಮ್ರದ ಅಚ್ಚಿಂದ ಕಾಗದದ ಮೇಲೆ ಒತ್ತಿದ್ದು ಕಣ್ರೀ. ನೂರು ವರ್ಷದ್ದು, ಯಾವನೋ ಬಿಳಿ ದೊರೆ ಕೊರೆದದ್ದು. ನೊಗಕ್ಕೆ ಒಂದು ಕಡೆ ಎತ್ತು, ಇನ್ನೊಂದು ಕಡೆ ಹೆಂಗಸು. ಹಿಂದೆ ಗಂಡ ನೇಗಿಲು ಹಿಡ್ಕೊಂಡವ್ನೆ. ಎತ್ತಿನ ಪಕ್ಕೆಲುಬು ಎಣಿಸಬೌದು, ಅಂಥಾ ಕೆಲಸ.”

“ಹೆಂಗಸಿನ ಮುಖ?”

“ಅದನ್ನ ಯಾರು ನೋಡ್ತಾರೆ ಬುಡಿ.”

ಹಿಂದಿನ ದಿನ ಮನೆಯವರೆಲ್ಲ ಶೆಟ್ಟಿಕೆರೆಗೆ ಮದುವೆಗೆ ಹೋಗಿದ್ದರು. ಮಧ್ಯಾಹ್ನ ಮೂರಕ್ಕೆ ಅವರು ಮುಂಬಾಗಿಲ ಬೀಗ ತೆಗೆದ ಸದ್ದಿಗೆ ಕಳ್ಳ ಹಿತ್ತಲ ಬಾಗಿಲಿಂದ ಓಡಿದ್ದ. ಹಿತ್ತಲ ಮೆಟ್ಟಿಲ ಕೆಳಗೆ ಟೈರಿನ ಮೆಟ್ಟು ಒಂದು ಜೊತೆ, ಒತ್ತಾಗಿ ಜೋಡಿಸಿಟ್ಟಂತೆ ಇದ್ದವು.

“ಕದಿಯಕ್ಕೆ ಬಂದೋನು ಮೆಟ್ಟು ಬುಟ್ಟು ಒಳಿಕ್ಕೆ ಹೋಗವ್ನಲ್ಲ ಸಾರ್, ದೇವಸ್ಥಾನಕ್ಕೆ ಹೋದಂಗೆ,” ಎಂದ ಸಣ್ಣತಿಮ್ಮಯ್ಯ.

“ಹೊರಗಿನ ಕಳ್ಳ ಬಿಡ್ತಿರಲಿಲ್ಲ ಕಣಯ್ಯ. ಇವನು ಈ ಮನೆ ಆಳು.”

ಹತ್ತೂವರೆಗೆ ಸ್ಥಳದ ಪಂಚನಾಮೆ ಮುಗಿಯಿತು. ತೋಟದಲ್ಲಿ ಐದು ಜನ ಆಳುಗಳು ಕಾಯಿ ಸುಲಿಯುತ್ತಿದ್ದರು. ಬೇಲಿಯ ಪಕ್ಕ ನಾಲ್ಕೇ ಜೊತೆ ಮೆಟ್ಟು ಇದ್ದವು. ಯಾರದಿಲ್ಲ ಎಂದು ಕೇಳಿದ್ದಕ್ಕೆ ಉಳಿದವರು ಲಕ್ಷ್ಮಯ್ಯನ ಕಡೆ ನೋಡಿದರು.

“ನಿನ್ನ ಮೆಟ್ಟೆಲ್ಲಿ?”

“ಕಿತ್ತೋದ್ವು ಸ್ವಾಮಿ.”

“ಇವನ್ನ ಹಾಕ್ಕೊ.”

ಲಕ್ಷ್ಮಯ್ಯ ಕದಲಲಿಲ್ಲ. “ಯಜಮಾನ್ರ ಎದ್ರಿಗೆ ಹೆಂಗೆ ಸ್ವಾಮಿ ಮೆಟ್ಟು ಹಾಕ್ಕಳದು?”

ತೋಂಟದಾರ್ಯರು ದೊಡ್ಡ ಮನಸ್ಸು ಮಾಡಿ ಅಪ್ಪಣೆ ಕೊಟ್ಟರು. ಎಡಗಾಲಿನ ಸವೆದ ಹಿಮ್ಮಡಿಗೂ ಮೆಟ್ಟಿನ ಸವೆದ ಹಳ್ಳಕ್ಕೂ ತಾಳೆಯಾಯಿತು.

“ಪಟ?”

“ಒಲೆಗೆ ಹಾಕ್ದೆ.”

ಚೌಕಟ್ಟೂ ಗಾಜೂ ಅವನ ಗುಡಿಸಿಲ ಹಿಂದಿನ ಕಾಯಿಸಿಪ್ಪೆ ರಾಶಿಯಲ್ಲಿ ಸಿಕ್ಕವು. ಗಾಜು ಒಡೆದಿರಲಿಲ್ಲ.

“ಯಾಕ್ಲಾ ಸುಟ್ಟೆ?” ಸಣ್ಣತಿಮ್ಮಯ್ಯ ಲಾಠಿಯಿಂದ ಮೊಣಕಾಲಿಗೆ ಎರಡು ಬಿಟ್ಟ. ಮೂರನೆಯದಕ್ಕೆ ಲಕ್ಷ್ಮಯ್ಯ ಮಾತಾಡಿದ.

“ನೆಂಟರು ಬಂದಾಗೆಲ್ಲ ಯಜಮಾನ್ರು ಪಟ ತೋರ್ಸೋರು. ಆಮೇಲೆ ನನ್ನ ಹೆಂಡ್ತಿ ಪುಟ್ಟಗಂಗಮ್ಮನ್ನ ಹೊಲಕ್ಕೆ ಕರೆಸಿ ಎತ್ತಿನ ಜೊತೆ ನೊಗಕ್ಕೆ ಕಟ್ಸೋರು. ನೇಗಿಲು ನಾನೇ ಹಿಡೀಬೇಕು, ಪಟದಾಗೆ ಇದ್ದಂಗೆ ಇರಬೇಕಲ್ಲ. ಈ ಭಾನುವಾರ ಮತ್ತೆ ಬತ್ತಾರಂತೆ. ಅವಳಿಗೀಗ ಏಳು ತಿಂಗಳು. ಪಟ ಇಲ್ದಿದ್ರೆ ಕರೆಯಾಕಿಲ್ಲ ಅಂದ್ಕಂಡೆ.”

“ಎರಡು ಸಾಲು ಅಷ್ಟೆ ಕಣ್ರೀ, ತಮಾಷೆಗೆ,” ಎಂದರು ತೋಂಟದಾರ್ಯರು. “ಆಮೇಲೆ ಬೆಲ್ಲ ಕೊಡಿಸ್ತಿದ್ದೆ.”

“ಎತ್ತಿಗೂ ಬೆಲ್ಲವೇ?”

“ಎತ್ತಿಗೆ ಹಿಂಡಿ.”

ಶ್ರೀರಂಗಯ್ಯ ಪೆನ್ನು ತೆಗೆದರು. ಮನೆಗಳ್ಳತನಕ್ಕೆ ಕಲಂ ಇತ್ತು. ತಮಾಷೆಗೆ ಯಾವುದೆಂದು ಸ್ವಲ್ಪ ಹೊತ್ತು ಯೋಚಿಸಿದರು. ತೋಂಟದಾರ್ಯರು ಎಳನೀರು ಕೊಚ್ಚಿಸಿ ತರಿಸಿದರು. ಕುಡಿದ ಮೇಲೆ ಕಾರಣದ ಜಾಗದಲ್ಲಿ ‘ಯಜಮಾನರ ಮೇಲಿನ ದ್ವೇಷ’ ಎಂದು ಬರೆದು, ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಿದರು.

ಲಕ್ಷ್ಮಯ್ಯ ರಿಮ್ಯಾಂಡಿಗೆ ಹೋದ. ಭಾನುವಾರ ನೆಂಟರು ಬಂದರು. ಪುಟ್ಟಗಂಗಮ್ಮನನ್ನು ನೊಗಕ್ಕೆ ಕಟ್ಟಿದರು. ನೇಗಿಲನ್ನು ಬೇರೆ ಆಳು ಹಿಡಿದ.