ಮೂರನೆಯ ಕೂಗಿಗೆ ಬಾಯಿ ಬಿಡದವನು

ಟಾಂಗಾ ಬಂದು ಮಿರಜಿನ ಆಸ್ಪತ್ರೆಯ ಮೆಟ್ಟಿಲಿಗೆ ತಾಗಿ ನಿಂತಿತು. ಮುದುಕರೊಬ್ಬರನ್ನು ತೋಳಲ್ಲಿ ಎತ್ತಿಕೊಂಡು ಇಳಿದ ಗಂಡಸನ್ನು ನೋಡಿದ್ದೇ ತಡ, ನರ್ಸ್ ಸುವಾರ್ತಾಳ ಎದೆ ಧಸಕ್ಕೆಂದಿತು. ಆಮೇಲೆ ಮೈಯೆಲ್ಲ ಉರಿಯಿತು.

ತಿಮೊಥಿ! ಅದೇ ಅಗಲವಾದ ಭುಜ, ಅದೇ ಗುಂಗುರು ಕೂದಲು, ಕೂದಲಲ್ಲಿ ಅದೇ ಕಟ್ಟಿಗೆಯ ಹೊಟ್ಟು. ಸಾಂಗಲಿಯಲ್ಲಿ ಬಡಗಿ ಕೆಲಸ ಮಾಡುವವನ ತಲೆಯಲ್ಲಿ ಹೊಟ್ಟಲ್ಲದೆ ಇನ್ನೇನು ಇದ್ದೀತು? ಒಂದು ಕಾಲದಲ್ಲಿ ಆ ಹೊಟ್ಟನ್ನು ತನ್ನ ಬೆರಳಿನಿಂದ ಆರಿಸುವ ಕನಸು ಕಂಡವಳು ಅವಳು. ಈಗ ಆ ಕೂದಲನ್ನು ಹಿಡಿದು ಜಗ್ಗಬೇಕು ಅನ್ನಿಸಿತು.

"ಸಿಸ್ಟರ್, ಕಾಕಾಗ ಉಸಿರಾಡಾಕ ಆಗವಲ್ದು. ಲಗೂ ನೋಡ್ರಿ," ಎಂದ ತಿಮೊಥಿ. ಆಗಲೇ ಅವಳ ಮುಖ ಕಂಡಿದ್ದು ಅವನಿಗೆ. ಮಾತು ಅಲ್ಲಿಗೇ ನಿಂತಿತು.

"ಬರ್ರಿ ಸಾಹೇಬರ, ಬರ್ರಿ," ಎಂದಳು ಸುವಾರ್ತಾ, ಸಕ್ಕರೆ ಸುರಿಯುವ ದನಿಯಲ್ಲಿ. "ನಿಮಗ ಮಾತು ಬರತೈತಿ ಅಂತ ಇವತ್ತ ಗೊತ್ತಾತು ನೋಡ್ರಿ."

ಅವನ ಕಿವಿ ಕೆಂಪಾಯಿತು. ಅದನ್ನು ನೋಡಿ ಅವಳಿಗೆ ಹಬ್ಬದೂಟ ಉಂಡಷ್ಟು ಸಂತೋಷವಾಯಿತು. ಅವನು ಎತ್ತಿ ತಂದಿದ್ದ ಮುದುಕರು ಅವನ ಕಾಕಾ, ಅಂದರೆ ಚಿಕ್ಕಪ್ಪ, ಚರ್ಚಿನ ಸಭೆಯ ಹಿರಿಯರಾದ ಶಿವಲಿಂಗಪ್ಪ. ಅವರನ್ನು ಮಲಗಿಸಲು ಹಾಸಿಗೆ ತೋರಿಸುವಾಗಲೂ ಅವಳು ಅವನ ಕಡೆ ತಿರುಗಿ ನೋಡಲಿಲ್ಲ. ನೋಡಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಕಿಟಕಿಯ ಗಾಜಿನಲ್ಲಿ ನೋಡಿದಳು.

ಈ ಸಿಟ್ಟು ಸುಮ್ಮಸುಮ್ಮನೆ ಹುಟ್ಟಿದ್ದಲ್ಲ. ಕ್ರೈಸ್ತರಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪಾದ್ರಿಗಳು ಚರ್ಚಿನಲ್ಲಿ ವಧೂವರರ ಹೆಸರು ಕೂಗುತ್ತಾರೆ. ಯಾರದಾದರೂ ತಕರಾರಿದ್ದರೆ ಎದ್ದು ಹೇಳಿ ಅನ್ನುತ್ತಾರೆ. ಯಾರೂ ಏಳುವುದಿಲ್ಲ, ಹೆಂಗಸರು ಮುಸುಮುಸು ನಗುತ್ತಾರೆ, ಮದುಮಗಳು ತಲೆ ತಗ್ಗಿಸುತ್ತಾಳೆ. ಎರಡು ವರ್ಷದ ಹಿಂದೆ ಸುವಾರ್ತಾ ಮತ್ತು ತಿಮೊಥಿಯ ಹೆಸರನ್ನು ಹೀಗೆಯೇ ಕೂಗಿದ್ದರು. ಮೊದಲನೆಯ ಭಾನುವಾರ ಚೆನ್ನಾಗಿ ಕಳೆಯಿತು, ಎರಡನೆಯದೂ ಕಳೆಯಿತು. ಮೂರನೆಯದರಂದು ಶಿವಲಿಂಗಪ್ಪ ಎದ್ದುನಿಂತರು.

"ಈ ಹುಡುಗಿ ಕೂಸಿದ್ದಾಗ, ಪ್ಲೇಗಿನ ಕಾಲದಾಗ, ಇಕಿ ಅಜ್ಜಿ ತುಳಸವ್ವ ಇಕಿ ಟೊಂಕಕ್ಕ ತಾಯತ ಕಟ್ಟಿದ್ಲು. ದೇವರ ಕೈ ಬಿಟ್ಟ ಮನಿತನ ಇದು. ಇವರಿಗೆ ರಕ್ಷಣಾ ಇಲ್ಲ. ನಮ್ಮ ಹುಡುಗನ್ನ ಕೊಡೂದಿಲ್ಲ," ಎಂದಿದ್ದರು. ಯೇಸುವನ್ನು ಬಿಟ್ಟು ತಾಯತ ನಂಬಿದವರಿಗೆ ಸತ್ತ ಮೇಲೆ ಮೋಕ್ಷವಿಲ್ಲ ಎಂಬುದು ಅವರ ಮಾತಿನ ಅರ್ಥ.

ಪಾದ್ರಿಗಳು ತಿಮೊಥಿಯ ಕಡೆ ತಿರುಗಿ, ನೀನೇನು ಹೇಳುತ್ತೀ ಎಂದು ಕೇಳಿದರು. ಇಡೀ ಸಭೆ ಅವನನ್ನು ನೋಡಿತು, ಸುವಾರ್ತಾ ಎಲ್ಲರಿಗಿಂತ ಹೆಚ್ಚು ನೋಡಿದಳು. ತಿಮೊಥಿ ಕಾಕಾನ ಮುಖ ನೋಡಿದ, ನೆಲ ನೋಡಿದ. ಬಾಯಿ ಮಾತ್ರ ಬಿಡಲಿಲ್ಲ. ಮದುವೆ ಅಲ್ಲಿಗೇ ಮುರಿಯಿತು.

ಅಷ್ಟಕ್ಕೇ ಬಿಟ್ಟರೇ? ತಿಂಗಳ ಮೊದಲ ಭಾನುವಾರ ಸಾಂಗಲಿಯವರೂ ಮಿರಜಿಗೆ ಬಂದು ಎಲ್ಲರೂ ಒಟ್ಟಿಗೆ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ತಿನ್ನುವ ಕರ್ತನ ಭೋಜನಕ್ಕೆ ಕೂಡುವ ವಾಡಿಕೆ. ಅವತ್ತಿನಿಂದ ತುಳಸವ್ವನಿಗೆ ಆ ರೊಟ್ಟಿ ಬೇಡವೆಂದು ಹಿರಿಯರು ತೀರ್ಮಾನಿಸಿದರು. ಮುದುಕಿಯನ್ನು ಕೊನೆಯ ಬೆಂಚಿಗೆ ಕೂರಿಸಿದರು. ರೊಟ್ಟಿಯ ತಟ್ಟೆ ಅವಳ ಮುಂದೆಯೇ ದಾಟಿಹೋಗುತ್ತಿತ್ತು. ಸುವಾರ್ತಾಳೂ ಅಜ್ಜಿಯ ಪಕ್ಕಕ್ಕೇ ಹೋಗಿ ಕುಳಿತಳು, ರೊಟ್ಟಿ ಮುಟ್ಟದೆ ತಟ್ಟೆಯನ್ನು ಮುಂದಕ್ಕೆ ಸಾಗಿಸಿದಳು. ಒಂದು ದಿನ ಈ ಕಾಕಾ, ಅಣ್ಣನ ಮಗ ಇಬ್ಬರಿಗೂ ಇದೇ ಸಭೆಯಲ್ಲಿ ತಲೆ ಎತ್ತದ ಹಾಗೆ ಮಾಡುತ್ತೇನೆ ಎಂದು ಅಲ್ಲೇ ಕುಳಿತು ಶಪಥ ಮಾಡಿದ್ದಳು.

ಈಗ ಇಬ್ಬರೂ ತಾವಾಗಿಯೇ ಬಂದು ಅವಳ ವಾರ್ಡಿನಲ್ಲಿ ಬಿದ್ದಿದ್ದರು.

ಸಣ್ಣ ಸೇಡುಗಳು ಮೊದಲ ದಿನವೇ ಶುರುವಾದವು. ತಿಮೊಥಿ ಬಿಸಿನೀರು ತಂದರೆ, "ತಣ್ಣಗಾಗೇತ್ರಿ, ಮತ್ತ ತರ್ರಿ," ಎನ್ನುವಳು. ಗಂಜಿ ತಂದರೆ, "ಉಪ್ಪು ಭಾಳ ಆಗೇತ್ರಿ," ಎನ್ನುವಳು. ಅವನು ಮರುಮಾತಿಲ್ಲದೆ ಹೋಗಿ ಮತ್ತೆ ತರುವನು.

"ಸಿಟ್ಟಿದ್ರ ನೆಟ್ಟಗ ಬೈ, ಸುವಾರ್ತಾ," ಎಂದ ಒಂದು ಮಧ್ಯಾಹ್ನ, ಕೈಯಲ್ಲಿ ಗಂಜಿಯ ಬಟ್ಟಲು ಹಿಡಿದೇ. "ಈ 'ಸಾಹೇಬರ, ಬರ್ರಿ, ಹೋಗ್ರಿ' ಕೇಳಾಕ ಆಗೂದಿಲ್ಲ ನನಗ."

"ಅಯ್ಯ, ಮರ್ಯಾದಿ ಕೊಟ್ರ ಚುಚ್ಚತೈತೇನ್ರಿ?"

"ಚುಚ್ಚಲಿ ಅಂತನ ಕೊಡಾಕತ್ತಿ."

ಅವಳಿಗೆ ನಗು ಬಂದುಬಿಟ್ಟಿತು. ತುಟಿಯನ್ನು ಒಳಗೇ ಕಚ್ಚಿ ಹಿಡಿದಳು. ಅವನು ಅದನ್ನು ಕಂಡ. ಅವನ ಕಣ್ಣು ಒಂದು ಗಳಿಗೆ ಅವಳ ತುಟಿಯ ಮೇಲೇ ನಿಂತಿತು. ಥೂ ದರಿದ್ರ, ಎಂದು ತನ್ನ ಹೃದಯವನ್ನೇ ಬೈದುಕೊಂಡು ಅವಳು ಬೇರೆ ಹಾಸಿಗೆಯ ಕಡೆ ಹೋದಳು.

ಶುಕ್ರವಾರ ಮುದುಕರ ಮೈ ಒರೆಸಲು ಅಂಗಿ ಬಿಚ್ಚಿದಾಗ, ರಟ್ಟೆಯ ಮೇಲೆ ಕಪ್ಪು ದಾರವೊಂದು ಕಂಡಿತು. ದಾರದಲ್ಲಿ ತಾಮ್ರದ ತಾಯತ.

ಸುವಾರ್ತಾಳ ಕೈ ನಿಂತಿತು. "ಹಿರೇರ, ಏನ್ರಿ ಇದು?"

ಶಿವಲಿಂಗಪ್ಪ ಕಣ್ಣು ಮುಚ್ಚಿಕೊಂಡರು. "ಹರಿಪುರದಾಗ ನಮ್ಮ ಅಕ್ಕ ಅದಾಳ. ಆಕಿ ಕಟ್ಟಿದ್ಲು. ಅಂಜಿಕಿ ಬಂದಿತ್ತವ್ವಾ. ನಾ ಬ್ಯಾಡ ಅನ್ಲಿಲ್ಲ."

ಅವಳು ಬ್ಯಾಂಡೇಜಿನ ಕತ್ತರಿಯಿಂದ ದಾರ ಕತ್ತರಿಸಿ, ತಾಯತವನ್ನು ಏಪ್ರನ್ ಜೇಬಿಗೆ ಹಾಕಿಕೊಂಡಳು. ಇಷ್ಟು ದಿನ ಪ್ರಾರ್ಥನೆ ಮಾಡಿ ಕೇಳಿದ್ದರೂ ಇಂಥ ಸೇಡು ಸಿಗುತ್ತಿರಲಿಲ್ಲ.

ತಿಮೊಥಿಯನ್ನು ಬೇವಿನ ಮರದ ಕೆಳಗೆ ಕರೆದು ಅಂಗೈ ಬಿಚ್ಚಿ ತೋರಿಸಿದಳು. "ನಿಮ್ಮ ಕಾಕಾನ ರಟ್ಟಿ ಮ್ಯಾಲೆ ಸಿಕ್ಕೈತ್ರಿ. ಈ ರವಿವಾರ ಕರ್ತನ ರೊಟ್ಟಿ ಇಡೂ ಮೇಜಿನ ಮ್ಯಾಲೆ ಇದನ್ನೂ ಇಡ್ತೇನಿ. ಎಲ್ಲಾರೂ ನೋಡ್ಲಿ."

ಅವನ ಮುಖ ಬಿಳಿಚಿತು. "ಸುವಾರ್ತಾ, ಸಾಯೂ ಮನಷ್ಯಾ ಅವರು."

"ನಮ್ಮ ಅಜ್ಜಿಗೆ ವಯಸ್ಸಾಗಿಲ್ಲೇನು? ಆಕಿ ಪ್ರತಿ ಸಲಾ ತಟ್ಟಿ ಕಡೆ ಹೆಂಗ ನೋಡ್ತಾಳ ಗೊತ್ತೇನು ನಿಮಗ? ಹಸದ ಕೂಸು ನೋಡಿದಂಗ ನೋಡ್ತಾಳ. ಆವಾಗ ಎಲ್ಲಿ ಹೋಗಿತ್ತು ನಿಮ್ಮ ಕರುಣಾ?"

"ಅಪ್ಪ ಅವ್ವ ಇಲ್ಲದ ನನ್ನ ಸಾಕಿದವರು ಅವರು. ಅವತ್ತ ಅವರ ಮಾರಿ ನೋಡಿದೆ, ನಾಲಿಗಿ ಎದ್ದೇಳ್ಲಿಲ್ಲ." ಅವನು ತಲೆ ಎತ್ತಿ ಅವಳನ್ನೇ ನೋಡಿದ. "ಅದು ಹೇಡಿತನ. ನನಗ ಗೊತ್ತೈತಿ. ನಿನ್ನ ಬಿಟ್ಟ ಮ್ಯಾಲೆ ಒಂದ ದಿನಾನೂ ನೆಟ್ಟಗ ನಿದ್ದಿ ಮಾಡಿಲ್ಲ ನಾ."

ಈ ಮಾತು ಕೇಳಲೆಂದೇ ಅವಳು ಇಷ್ಟು ದಿನ ಕಾದಿದ್ದಳು. ಕೇಳಿದ ಮೇಲೆ ಸಿಟ್ಟು ಇನ್ನಷ್ಟು ಏರಿತು.

"ಅವತ್ತ ಊರ ಮುಂದ ಸುಮ್ಮನಿದ್ದು, ಇವತ್ತ ಮರದ ಕೆಳಗ ಹೇಳ್ತೀರೇನು?" ಎಂದು ಅವಳು ತಿರುಗಿ ನಡೆದುಬಿಟ್ಟಳು.

ಅಜ್ಜಿ ಮನೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. ಸುವಾರ್ತಾ ತಾಯತವನ್ನು ಮೊರದೊಳಗೇ ಹಾಕಿ, ಅದು ಯಾರದೆಂದು ಹೇಳಿದಳು. ಅಜ್ಜಿ ಚಪ್ಪಾಳೆ ತಟ್ಟುವಳೆಂದು ಅವಳ ಎಣಿಕೆ.

"ಅಯ್ಯ ಪಾಪ," ಎಂದಳು ತುಳಸವ್ವ. "ಅಷ್ಟ ಅಂಜ್ಯಾನೇನು ಅಂವ?"

"ಪಾಪ ಅಂತಿಯೇನಬೇ! ನಿನ್ನ ಹಿಂದಿನ ಬೆಂಚಿಗೆ ತಳ್ಳಿದಾಂವಗ?"

"ಅಂಜಿಕಿ ಹೆಂಗಿರತೈತಿ ನನಗ ಗೊತ್ತೈತಿ. ಪ್ಲೇಗಿನಾಗ ಊರ ಹೊರಗ ಗುಡಸಲಾ ಹಾಕ್ಕೊಂಡಿದ್ವಿ. ನಿಮ್ಮಪ್ಪ ಹೋದ, ಹಿಂದಿಂದ ನಿಮ್ಮವ್ವ ಹೋದ್ಲು. ನೀ ಒಂದಾಕಿ ನನ್ನ ಮಡಲಾಗ. ಪ್ರಾರ್ಥನಾದ ಒಂದ ಮಾತೂ ಬಾಯಿಗೆ ಬರ್ಲಿಲ್ಲ. ಯಾರೋ ತಾಯತ ಕೊಟ್ರು, ಕಟ್ಟಿದೆ. ಅವತ್ತ ನಾ ದೇವರ ಕೈ ಬಿಟ್ಟಿದ್ದು ಖರೆ." ಅಜ್ಜಿ ಒಂದು ಹರಳು ಆರಿಸಿ ಎಸೆದಳು. "ಆದ್ರ ಮಿರಜ ಸಂತ್ಯಾಗ ನಿನ್ನ ಕೈ ಹಿಡಕೊಂಡ ಹೋಗ್ತಿದ್ದೆ, ನೆಪ್ಪೈತಿಲ್ಲ? ಬತ್ತಾಸ ಕಂಡ್ರ ನೀ ಕೈ ಕೊಡವತಿದ್ದಿ. ನಾ ಬಿಡ್ತಿದ್ನೇನು? ಗಟ್ಟಿ ಹಿಡಿದಾಕಿ ನಾ, ನೀ ಅಲ್ಲ. ದೇವರೂ ಹಂಗ ನನ್ನ ಹಿಡಿದಾನ. ಶಿವಲಿಂಗಪ್ಪ ನನಗ ರೊಟ್ಟಿ ಬಿಡಿಸಿರಬಹುದು. ರಕ್ಷಣಾ ಬಿಡಸಾಕ ಅದು ಅವನ ಕೈಯಾಗ ಎಲ್ಲಿತ್ತು?"

"ನೀ ಕ್ಷಮಾ ಮಾಡಬೇ. ನಾ ಮಾಡೂದಿಲ್ಲ," ಎಂದು ಸುವಾರ್ತಾ ತಾಯತವನ್ನು ಮತ್ತೆ ಜೇಬಿಗೆ ಹಾಕಿಕೊಂಡಳು. ಅವತ್ತು ಊಟವನ್ನೂ ಮಾಡಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಶಿವಲಿಂಗಪ್ಪನವರ ಉಸಿರು ಮೇಲೆ ಕೆಳಗೆ ಆಗತೊಡಗಿತು. ತಿಮೊಥಿ ಅವರ ಕಾಲು ತಿಕ್ಕುತ್ತಿದ್ದ. ಮುದುಕರು ಸುವಾರ್ತಾಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ನಾ ದೇವರ ಕೈ ಬಿಟ್ಟೇನವ್ವಾ. ಕಡೀ ಗಳಿಗ್ಯಾಗ ಬಿಟ್ಟೆ. ನನಗ ರಕ್ಷಣಾ ಐತೇನು? ಹೇಳವ್ವಾ. ಐತೇನು?"

ಅವಳು ಸುಮ್ಮನಿದ್ದಳು. ಬೇಕೆಂದೇ ಸುಮ್ಮನಿದ್ದಳು. ಸೇಡಿಗೆ ಚರ್ಚೂ ಬೇಕಿರಲಿಲ್ಲ, ಮೇಜೂ ಬೇಕಿರಲಿಲ್ಲ. ಹೀಗೆಯೇ ಬಾಯಿ ಮುಚ್ಚಿ ನಿಂತರೆ ಸಾಕಿತ್ತು. ಮುದುಕರ ತುಟಿ ನಡುಗುವುದನ್ನು ನೋಡಿದಳು. ನೋಡಿ ಖುಷಿಪಟ್ಟಳು, ಸುಳ್ಳು ಯಾಕೆ ಹೇಳಬೇಕು? ತಿಮೊಥಿಯ ಕಡೆ ನೋಡಿದಳು. ಅವನು ಬೇಡಿಕೊಳ್ಳಲಿಲ್ಲ, ಕಣ್ಣು ತುಂಬಿಕೊಂಡು ಕಾಲು ತಿಕ್ಕುತ್ತಲೇ ಇದ್ದ. ಆ ಖುಷಿ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

"ಕೇಳ್ರಿ ಹಿರೇರ," ಎಂದಳು ಹಲ್ಲು ಕಚ್ಚಿ. "ನಿಮ್ಮ ಮ್ಯಾಲಿನ ಸಿಟ್ಟು ನನಗ ಹೋಗಿಲ್ಲ. ನಿಮ್ಮನ್ನ ಹಿಡಿಯೂ ಕೈ ನಂದಾಗಿದ್ರ ಯಾವಾಗೋ ಬಿಟ್ಟಬಿಡ್ತಿದ್ದೆ. ನಿಮ್ಮ ಪುಣ್ಯಾ, ಅದು ನನ್ನ ಕೈ ಅಲ್ಲ. ನಿಮ್ಮ ಕೈನೂ ಅಲ್ಲ. ಯೇಸುಸ್ವಾಮಿ ಹಿಡಿದಾನ. ನಮ್ಮ ಅಜ್ಜಿ ತಾಯತ ಕಟ್ಟಿದಾಗ ಆಕಿನ ಬಿಡ್ಲಿಲ್ಲ, ನೀವು ಕಟ್ಟಿಸಿಕೊಂಡಾಗ ನಿಮ್ಮನ್ನೂ ಬಿಟ್ಟಿಲ್ಲ. ಸುಮ್ಮನ ಮಲಕೋರಿ."

"ತುಳಸವ್ವಗೂ... ಐತೇನು?"

"ಐತ್ರಿ. ಯಾವಾಗಿಂದೋ ಐತಿ."

ಮುದುಕರ ಕಣ್ಣಿನಿಂದ ನೀರು ಇಳಿದು ದಿಂಬು ತೋಯಿಸಿತು. ಸ್ವಲ್ಪ ಹೊತ್ತಿಗೆ ಹಿಡಿತ ಸಡಿಲವಾಯಿತು. ಸಂಜೆಯೊಳಗೆ ಅವರು ತೀರಿಕೊಂಡರು.

ವರಾಂಡದಲ್ಲಿ ನಿಂತಿದ್ದ ತಿಮೊಥಿಯ ಅಂಗೈಯಲ್ಲಿ ಸುವಾರ್ತಾ ತಾಯತ ಇಟ್ಟಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೂಡಲೇ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಬೇಕಾದ್ರ ಕೃಷ್ಣಾ ಹೊಳಿಗೆ ಒಗದಬಿಡ್ರಿ. ನಾಳೆ ಚರ್ಚಿನಾಗ ನಾ ಎದ್ದು ಹೇಳೂದಿಲ್ಲ."

"ಯಾಕ?"

"ಸತ್ತವರ ಮ್ಯಾಲೆ ಏನ ಸೇಡು ತೀರಿಸ್ಲಿ?" ಅವಳು ಕಣ್ಣೊರೆಸಿಕೊಂಡಳು. "ಹಂಗಂತ ನಿಮ್ಮ ಮ್ಯಾಲಿನ ಸಿಟ್ಟು ಹೋತು ಅನಕೋಬ್ಯಾಡ್ರಿ. ನೀವು ಬದುಕೀರಿ. ಅದು ಇದ್ದಂಗ ಐತಿ."

ಭಾನುವಾರ ಬೆಳಿಗ್ಗೆ ಮಣ್ಣು ಮಾಡಿ ಎಲ್ಲರೂ ಚರ್ಚಿಗೆ ಬಂದರು. ಪಾದ್ರಿಗಳು ಶಿವಲಿಂಗಪ್ಪನವರ ದೃಢವಾದ ವಿಶ್ವಾಸವನ್ನು ಹೊಗಳಿದರು. ಜನ ಮೂಗೆಳೆದು ಅತ್ತರು. ತಿಮೊಥಿ ಮುಂದಿನ ಬೆಂಚಿನಲ್ಲಿದ್ದ. ಅವನು ಸುಮ್ಮನೆ ಕುಳಿತಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ, ಕಾಕಾನ ಹೆಸರೂ ಉಳಿಯುತ್ತಿತ್ತು. ಕೊನೆಯ ಬೆಂಚಿನಲ್ಲಿ ಅಜ್ಜಿಯ ಪಕ್ಕ ಕುಳಿತ ಸುವಾರ್ತಾ ಅವನ ಬೆನ್ನನ್ನೇ ನೋಡುತ್ತಿದ್ದಳು. ರೊಟ್ಟಿಯ ತಟ್ಟೆ ಹೊರಟಿತು. ಅವನು ಏಳುವುದಿಲ್ಲ, ಇವನ ಹಣೆಬರಹವೇ ಇಷ್ಟು, ಎಂದುಕೊಂಡಳು.

ತಿಮೊಥಿ ಎದ್ದ.

"ಪಾದ್ರಿಸಾಹೇಬರ, ತಟ್ಟಿ ನಿಂದ್ರಸ್ರಿ. ನಮ್ಮ ಕಾಕಾನ ರಟ್ಟಿ ಮ್ಯಾಲೆ ತಾಯತ ಇತ್ತು. ಸಾವಿಗೆ ಅಂಜಿ ಕಟ್ಟಿಸಿಕೊಂಡಿದ್ರು."

ಚರ್ಚೆಲ್ಲ ಗುಸುಗುಸು. ಹಿರಿಯರಲ್ಲೊಬ್ಬರಾದ ಬಾಪೂಸಾಹೇಬರು ಎದ್ದು, "ಸಾಕಿದವರ ಮಾನಾ ತೆಗೀತಿಯೇನೋ, ಮಣ್ಣ ಇನ್ನೂ ಹಸಿ ಐತಿ!" ಎಂದು ಗದರಿದರು.

ತಿಮೊಥಿಯ ಕಾಲುಗಳು ನಡುಗುತ್ತಿದ್ದವು. ಕೊನೆಯ ಬೆಂಚಿಗೂ ಅದು ಕಾಣುತ್ತಿತ್ತು. ಆದರೂ ಅವನು ಕೂರಲಿಲ್ಲ. "ಅವರು ದೇವರ ಹಂತ್ಯಾಕ ಹೋಗ್ಯಾರ, ಅದರಾಗ ನನಗ ಸಂಶೇ ಇಲ್ಲ. ಅವರನ್ನ ಬಿಡದ ದೇವರು ತುಳಸವ್ವಜ್ಜಿನ ಬಿಟ್ಟಾನ ಅಂತ ಹೆಂಗ ಅಂತೀರಿ? ಆಕಿಗೆ ಈ ರೊಟ್ಟಿ ಇಲ್ಲಂದ್ರ ನನಗೂ ಬ್ಯಾಡ. ಅವತ್ತ ಇದ ಜಾಗಾದಾಗ ನನ್ನ ಕೇಳಿದ್ರಿ, ನಾ ಸುಮ್ಮನಿದ್ದೆ. ಅದು ನನ್ನ ಪಾಪ. ಸುವಾರ್ತಾ ನನ್ನ ಕೂಡ ಮಾತಾಡ್ಲಿ ಬಿಡ್ಲಿ, ಇದನ್ನ ನಾ ಹೇಳಬೇಕಿತ್ತು."

ಪಾದ್ರಿಗಳು ತಾವೇ ತಟ್ಟೆ ಎತ್ತಿಕೊಂಡು, ಮುಂದಿನವರನ್ನೆಲ್ಲ ಬಿಟ್ಟು, ನೇರವಾಗಿ ಕೊನೆಯ ಬೆಂಚಿಗೆ ಬಂದರು.

"ಭಾಳ ತಡಾ ಮಾಡಿದ್ರೆಪಾ," ಎಂದಳು ತುಳಸವ್ವ, ಎರಡೂ ಕೈ ಚಾಚಿ. "ಹಸದಿದ್ದೆ."

ಸುವಾರ್ತಾ ಬಿಕ್ಕಿ ಬಿಕ್ಕಿ ಅತ್ತಳು. ನನ್ನ ಸಿಟ್ಟು ಇನ್ನೂ ಪೂರಾ ಹೋಗಿಲ್ಲ ಸ್ವಾಮಿ, ಇದ್ದಂಗ ನನ್ನ ತಗೋ, ಎಂದು ಒಳಗೇ ಹೇಳಿಕೊಂಡು ರೊಟ್ಟಿ ಮುರಿದಳು.

ಆರಾಧನೆ ಮುಗಿದ ಮೇಲೆ ತಿಮೊಥಿಯ ಹತ್ತಿರ ಯಾರೂ ಸುಳಿಯಲಿಲ್ಲ. ಚರ್ಚಿನ ಗೋಡೆಗೆ ಒರಗಿ ಒಬ್ಬನೇ ನಿಂತಿದ್ದ. ಸುವಾರ್ತಾ ಎಲ್ಲರೂ ನೋಡುವಂತೆ ಅಂಗಳ ದಾಟಿ ಅವನ ಎದುರಿಗೆ ಬಂದು ನಿಂತಳು.

"ಕಾಲು ಎಷ್ಟ ನಡಗತಿದ್ದೂ ನಿಂದು!"

'ನಿಂದು' ಅನ್ನುವುದು ಕಿವಿಗೆ ಬಿದ್ದು ಅವನ ಮುಖ ಅರಳಿತು. "ಸೇಡು ತೀರಿತೇನು?"

"ಇಷ್ಟ ಲಗೂ ತೀರತೈತೇನು? ಪಾದ್ರಿಗಳಿಗೆ ಹೇಳಿ ನಮ್ಮ ಹೆಸರ ಮತ್ತ ಕೂಗ್ಸು. ಮೊದಲಿಂದ, ಮೂರೂ ರವಿವಾರ."

"ನೀ ಎದ್ದು ತಕರಾರ ಮಾಡಿದ್ರ?"

"ಮಾಡಿದ್ರೂ ಮಾಡಿದೆ. ಹೆಂಗ ಹೇಳ್ಲಿ?" ಅವಳು ಕೈ ಚಾಚಿ ಕಾಕಾನ ಶವಪೆಟ್ಟಿಗೆ ಮಾಡುವಾಗ ಅವನ ಕೂದಲಿಗೆ ಹತ್ತಿದ್ದ ಹೊಟ್ಟಿನ ಎಳೆಯೊಂದನ್ನು ತೆಗೆದಳು, ತೆಗೆಯುವಾಗ ಕೂದಲನ್ನೂ ಸ್ವಲ್ಪ ಜಗ್ಗಿದಳು. "ಮೂರೂ ಸಲಾ ನಿನ್ನ ಮಾರಿನ ನೋಡ್ಕೋತ ಕುಂದ್ರತೇನಿ. ಅಂಜಕೋತ ಕುಂದ್ರು ನೀ."

ಅವನು ನೋವಿಗೆ ಹಾ ಎಂದು, ಮರುಗಳಿಗೆಯೇ ನಕ್ಕ. ಅವಳು ನಗಲಿಲ್ಲ. ಅವನ ಕೈ ಹಿಡಿದುಕೊಂಡು, ಬಾಪೂಸಾಹೇಬರ ಮುಂದಿನಿಂದಲೇ, ಅಜ್ಜಿ ಕುಳಿತಿದ್ದ ಕಡೆಗೆ ನಡೆದಳು.