ಬೆಕ್ಕು ಬಾರದ ಅಂಗಳ

ಮಾರಿಟ್‌ಳ ವ್ಯಾನು ಬೀದಿಗೆ ತಿರುಗಿತೆಂದರೆ ಬೆಕ್ಕುಗಳೆಲ್ಲ ಹಾಜರು. ಮೀನಿನ ಮೂಳೆಪುಡಿಯ ವಾಸನೆ ಅವಳ ಕೂದಲಿಗೂ ಅಂಟಿಕೊಂಡಿತ್ತು.

ಮೊದಲ ದಿನ ಡೆನ್ಜಿಲ್ ಬೇಲಿಯಾಚೆ ನಿಂತು ಮೂಗು ಮುಚ್ಚಿಕೊಂಡಿದ್ದ.

"ಮೀನು ಮಾರೋರಾ? ಬೇಡ, ಹೊಳೇಲಿ ನಾನೇ ಹಿಡೀತೀನಿ."

"ಮಾರೋಕಲ್ಲ. ನಿಮ್ಮ ಅಂಗಳದಲ್ಲಿ ಹೂಳೋಕೆ ಬಂದಿದೀನಿ."

"ಹಾಗಿದ್ರೆ ಪೊಲೀಸ್ರನ್ನೇ ಕರೀಬೇಕು" ಎಂದ. ಬಾಯಿ ಬಿಗಿದಿತ್ತು, ಕಣ್ಣು ನಗುತ್ತಿತ್ತು. ಆ ಕಣ್ಣಿಗೇ ಅವಳು ಸೋತದ್ದು.

ಮೊಂಟಾನಾದ ಆ ಊರಿನಲ್ಲಿ ಸೀಸದ ಕುಲುಮೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಸೀಸ ಮಾತ್ರ ಮಣ್ಣು ಬಿಟ್ಟು ಹೋಗಿರಲಿಲ್ಲ. ಮೂಳೆಪುಡಿ ಬೆರೆಸಿದರೆ ಸೀಸ ಮಣ್ಣಿನಲ್ಲೇ ಕಟ್ಟಿಬೀಳುತ್ತದೆ, ಮಕ್ಕಳ ರಕ್ತಕ್ಕೆ ಇಳಿಯುವುದಿಲ್ಲ ಎಂದು ತೋರಿಸಿಕೊಡಲು ಸರ್ಕಾರ ಮಾರಿಟ್‌ಳ ಕಂಪನಿಗೆ ಮೊದಲ ಹಂತದ ಹಣ ಕೊಟ್ಟಿತ್ತು. ಕಂಪನಿ ಎಂದರೆ ಅವಳು, ಒಂದು ಬಾಡಿಗೆ ಗ್ಯಾರೇಜು, ಆ ವ್ಯಾನು, ಅಷ್ಟೇ. ಪ್ರಯೋಗ ಗೆದ್ದರೆ ಎರಡನೇ ಹಂತ, ಅವಳು ಇಲ್ಲೇ ಉಳಿಯಬಹುದು. ಸೋತರೆ ಗಂಟುಮೂಟೆ ಕಟ್ಟಬೇಕು.

ಎರಡು ಅಂಗಳಗಳಿಗೆ ಮಾತ್ರ ನೋಡಲು ಪುಡಿಯಂತೆಯೇ ಕಾಣುವ, ಮೂಳೆಯಿಲ್ಲದ ಬರೀ ಧೂಳು. ಹೋಲಿಸಿ ನೋಡಲು ಹಾಗೆ ಬಿಡಲೇಬೇಕು. ಯಾವ ಮನೆಗೆ ಯಾವುದು ಎಂದು ಮನೆಯವರಿಗೆ ಹೇಳುವಂತಿಲ್ಲ. ಚೀಟಿ ಎತ್ತಿದಾಗ ಡೆನ್ಜಿಲ್‌ನ ಅಂಗಳಕ್ಕೆ ಧೂಳು ಬಂತು.

ಅವನ ಮಗಳು ಲೋವೆನಾಗೆ ಆರು ವರ್ಷ. ತಾಯಿ ಪಕ್ಕದ ಊರಿನಲ್ಲಿ, ಮಗು ವಾರದ ಕೊನೆಗೆ ಅಪ್ಪನ ಬಳಿ. ಗೇಟಿನಿಂದ ಬಾಗಿಲವರೆಗೆ ಅವನು ಹಲಗೆ ಹಾಸಿದ್ದ. ಮಗು ಹಲಗೆಯಿಂದ ಕಾಲು ಕೆಳಗಿಡುವ ಹಾಗಿಲ್ಲ.

"ಮಣ್ಣಿಗೆ ಯಾವಾಗ ವಾಸಿ ಆಗುತ್ತೆ?" ಎಂದು ಮಗು ಕೇಳಿದಾಗೆಲ್ಲ ಮಾರಿಟ್ ಮುಖ ತಿರುಗಿಸಿ ವ್ಯಾನಿನತ್ತ ನಡೆಯುತ್ತಿದ್ದಳು.

ಬೇಸಿಗೆಯುದ್ದಕ್ಕೂ ಡೆನ್ಜಿಲ್ ಮಾಂಸ, ಆಲೂಗಡ್ಡೆ ತುಂಬಿ ತಾನೇ ಬೇಯಿಸಿದ ಬಿಸಿ ಪಾಸ್ಟಿಯನ್ನು ಮುರಿದು ದೊಡ್ಡ ತುಂಡನ್ನು ಮಾರಿಟ್‌ಳ ಕೈಗೇ ಕೊಡುತ್ತಿದ್ದ. ಬೆರಳು ತಗುಲಿದರೆ ಇಬ್ಬರೂ ಎತ್ತಲೋ ನೋಡುತ್ತಿದ್ದರು.

"ಮೀನು ಡಾಕ್ಟ್ರೇ, ನಮ್ಮನೆಗೆ ಬಂದಾಗ್ಲೇ ಯಾಕೆ ಮುಖ ಸಪ್ಪಗಾಗೋದು? ಪಾಸ್ಟಿ ಅಷ್ಟು ಕೆಟ್ಟದಾಗಿದ್ಯಾ?"

"ಮಾಡಿದೋನ ಮುಖ ನೋಡಿ ಹಾಗಾಗುತ್ತೆ."

"ಅಯ್ಯೋ, ಅದನ್ನ ಬದಲಾಯ್ಸೋಕಾಗಲ್ವಲ್ಲ!"

ಅವಳು ನಕ್ಕಳು. "ಎರಡನೇ ಹಂತ ಬರಲಿ, ನಿನಗೊಂದು ಮಾತು ಹೇಳ್ಬೇಕು."

"ಈಗ್ಲೇ ಹೇಳು."

"ಊಹೂಂ."

ಶರತ್ಕಾಲದಲ್ಲಿ ಅಂಗಳಗಳ ಮಣ್ಣು ಪರೀಕ್ಷೆಯಾಯಿತು. ಪುಡಿ ಹಾಕಿದ ಕಡೆಯೆಲ್ಲ ಸೀಸ ಕಟ್ಟಿಬಿದ್ದಿತ್ತು. ಡೆನ್ಜಿಲ್‌ನ ಅಂಗಳದಲ್ಲೂ ಕಟ್ಟಿಬಿದ್ದಿತ್ತು. ತಪ್ಪಾಯಿತೇನೋ ಎಂದು ಮತ್ತೆ ನೋಡಿದಳು. ಅದೇ ಫಲಿತಾಂಶ. ಅವನ ಮನೆಗೆ ವ್ಯಾನು ಓಡಿಸಿದಳು. ಮೊದಲೆಲ್ಲ ಅತ್ತ ಸುಳಿಯದ ಬೆಕ್ಕುಗಳು ಅವನ ಅಂಗಳವನ್ನು ಕೆದರುತ್ತಿದ್ದವು.

"ಡೆನ್ಜಿಲ್, ಏನ್ ಮಾಡಿದೆ ನೀನು?"

ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಅವನು ಹಿತ್ತಲ ಶೆಡ್ಡು ತೋರಿಸಿದ. ಒಣಗಿಸಿದ ಮೀನುಮೂಳೆಯ ರಾಶಿ, ಪಕ್ಕದಲ್ಲಿ ಕೈಯಲ್ಲಿ ತಿರುಗಿಸುವ ಹಳೆಯ ಗಿರಣಿ.

"ಬೆಕ್ಕುಗಳು ಎಲ್ಲರ ಮನೆಗೂ ಹೋಗ್ತಿದ್ವು, ನಮ್ಮನೆಗೆ ಬರ್ತಿರ್ಲಿಲ್ಲ. ಪುಡಿ ಸಾಲದೆ ಬಂದಿದೆ, ಪಾಪ, ಹೇಳೋಕೆ ನಾಚ್ಕೊಳ್ತಿದಾಳೆ ಅಂದ್ಕೊಂಡೆ. ಅದಕ್ಕೇ ನಿನ್ನ ಮುಖ ಸಪ್ಪಗಿರುತ್ತೆ ಅಂತ. ನಾನೇ ಹೊಳೆ ಮೀನಿನ ಮೂಳೆ ಬೀಸಿ ರಾತ್ರಿ ಹೊತ್ತು ಮಣ್ಣಿಗೆ ಬೆರೆಸ್ದೆ." ತಲೆ ತಗ್ಗಿಸಿದ. "ನಮ್ಮ ಅಂಗಳದಿಂದ ನೀನು ಸೋತ್ರೆ ಊರು ಬಿಟ್ಟು ಹೋಗ್ತೀಯಲ್ಲ."

ಮಾರಿಟ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ನಿನ್ನ ಅಂಗಳ ಹಾಗೇ ಇರ್ಬೇಕಿತ್ತು ಕಣೋ. ಹೋಲಿಸೋಕೆ ಬಿಟ್ಟಿದ್ದು ಎರಡೇ. ಇನ್ನೊಂದಕ್ಕೆ ಆ ಮನೆಯವರು ಕಾಂಕ್ರೀಟ್ ಹಾಕಿಸ್ಬಿಟ್ರು. ಉಳಿದಿದ್ದು ನಿಂದೊಂದೇ."

ಅವನ ಮುಖ ಬಿಳಿಚಿಕೊಂಡಿತು. "ಅಂಕಿ ಬೇರೆ ಬರ್ದುಬಿಡು. ಯಾರಿಗೆ ಗೊತ್ತಾಗುತ್ತೆ?"

"ನಂಗೆ ಗೊತ್ತಾಗುತ್ತೆ. ನಾಳೆ ಈ ಪುಡಿ ನಂಬಿ ಯಾರೋ ಮಗೂನ ಮಣ್ಣಲ್ಲಿ ಆಡಕ್ಕೆ ಬಿಡ್ತಾರೆ, ಡೆನ್ಜಿಲ್."

ಅವನು ಶೆಡ್ಡಿನ ಬಾಗಿಲು ಮುಚ್ಚಿದ.

ನಡೆದದ್ದನ್ನು ನಡೆದ ಹಾಗೆಯೇ ಅವಳು ಸರ್ಕಾರಕ್ಕೆ ತಿಳಿಸಿದಳು. ಹೋಲಿಕೆಯಿಲ್ಲದ ಫಲಿತಾಂಶವನ್ನು ಒಪ್ಪಲಾಗದು, ಎರಡನೇ ಹಂತವಿಲ್ಲ ಎಂದು ಉತ್ತರ ಬಂತು. ಒಹಾಯೊದ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತು.

ಹೊರಡುವ ದಿನ ಶನಿವಾರ. ಬಾಗಿಲ ಬಳಿ ಹಲಗೆಯ ತುದಿಯಲ್ಲಿ ಲೋವೆನಾ ನಿಂತಿದ್ದಳು.

"ಜೊತೇಲಿ ಬರ್ತೀನಿ ಅನ್ನೋಕೆ..." ಡೆನ್ಜಿಲ್ ಮಗಳತ್ತ ನೋಡಿದ.

"ಬಾ ಅಂತ ನಾನೂ ಕರೆಯಲ್ಲ. ಕರೆದ್ರೆ ಬಂದುಬಿಡ್ತೀಯೇನೋ ಅಂತ ಭಯ."

"ಎರಡನೇ ಹಂತ ಬಂದ್ರೆ ಹೇಳ್ತೀನಿ ಅಂದಿದ್ದು?"

"ಬರಲಿಲ್ವಲ್ಲ."

"ಆದ್ರೂ ಹೇಳು."

ಅವಳು ಹತ್ತಿರ ಬಂದು ಅವನ ಅಂಗಿಯ ಕಾಲರು ಸರಿಮಾಡಿದಳು. ಈಗ ಅವನಿಂದಲೂ ಮೀನಿನ ವಾಸನೆ ಬರುತ್ತಿತ್ತು. "ನಂಗೆ ನೀನಂದ್ರೆ ಪ್ರಾಣ. ಇಷ್ಟು ಚೆನ್ನಾಗಿ ನನ್ನ ಬದುಕು ಹಾಳುಮಾಡಿದೋರು ಇನ್ಯಾರೂ ಇಲ್ಲ."

ಅವನ ಕಣ್ಣು ತುಂಬಿತು. ಅವಳದು ಆಗಲೇ ಹರಿಯುತ್ತಿತ್ತು.

ಆಮೇಲೆ ಮಾರಿಟ್ ಬಗ್ಗಿ ಬಾಗಿಲ ಬಳಿಯ ಹಲಗೆಯೊಂದನ್ನು ಎತ್ತಿ ಬದಿಗಿಟ್ಟಳು. "ಲೋವೆನಾ, ಮಣ್ಣಿಗೆ ವಾಸಿಯಾಗಿದೆ, ನಾನೇ ಎರಡೆರಡು ಸಲ ಪರೀಕ್ಷೆ ಮಾಡಿ ನೋಡಿದೀನಿ. ನಿಮ್ಮಪ್ಪನೇ ವಾಸಿ ಮಾಡಿದ್ದು. ಇಳಿ."

ಮಗು ಅಪ್ಪನ ಮುಖ ನೋಡಿತು. ಅವನು ಹೂಂ ಎಂದ. ಅವಳು ಒಂದು ಕಾಲಿಟ್ಟಳು, ಆಮೇಲೆ ಇನ್ನೊಂದು.

ವ್ಯಾನು ಹೊರಟಿತು. ಬೆಕ್ಕುಗಳು ಈ ಸಲ ಅದರ ಹಿಂದೆ ಓಡಲಿಲ್ಲ. ಕನ್ನಡಿಯಲ್ಲಿ ಡೆನ್ಜಿಲ್ ಉಳಿದ ಹಲಗೆಗಳನ್ನು ಎತ್ತುತ್ತಿರುವುದು ಕಾಣುತ್ತಿತ್ತು. ಬೀದಿ ತಿರುಗುವವರೆಗೂ ಮಾರಿಟ್ ಅದನ್ನೇ ನೋಡುತ್ತಾ ಹೋದಳು.